ವಧು ಸಿಂಗಾರದ ಫೋಟೋ: ಗೌರಿ ಪೂಜೆಯಿಂದ ಹಿಂದಕ್ಕೆ ಎಣಿಸಿ

ಮೈಸೂರು, ಮಂಡ್ಯ ಕಡೆಯ ಮದುವೆ ಆಲ್ಬಂ ತಿರುವಿ ನೋಡಿ. ವರಪೂಜೆ ಇರುತ್ತದೆ, ರಿಸೆಪ್ಷನ್‌ನಲ್ಲಿ ಸಾಲುಗಟ್ಟಿ ನಿಂತವರೆಲ್ಲ ಇರುತ್ತಾರೆ, ಧಾರೆ ಇರುತ್ತದೆ. ಹುಡುಗಿ ರೆಡಿಯಾಗುವ ಭಾಗ ಬಂದಾಗ ಮಾತ್ರ ಮೂರೋ ನಾಲ್ಕೋ ಫೋಟೋ. ಅದರಲ್ಲೂ ಮೇಕಪ್ ಆಗಲೇ ಮುಗಿದಿರುತ್ತದೆ. ಮೇಕಪ್‌ನವರು ಬ್ರಷ್ ಹಿಡಿದು ಕೆನ್ನೆ ಮುಟ್ಟಿದ ಹಾಗೆ ನಟಿಸುತ್ತಿರುತ್ತಾರೆ. ಹಿಂದೆ ಹಸಿರು ಗೋಡೆ, ಕಿಟಕಿ ಸರಳಿಗೆ ಒದ್ದೆ ಟವೆಲ್.

ಇದಕ್ಕೆ ಕ್ಯಾಮೆರಾ ಕಾರಣ ಅಲ್ಲ. ಹೆಚ್ಚಿನ ಸಲ ಫೋಟೋಗ್ರಾಫರ್ ಕೂಡ ಕಾರಣ ಅಲ್ಲ. ಬೆಳಗಿನ ಜಾವ ಏನು ಯಾವಾಗ ಆಗಬೇಕು ಅಂತ ಯಾರೂ ಕೂತು ಬರೆದಿರುವುದಿಲ್ಲ, ಅಷ್ಟೇ. ಇಲ್ಲಿ ಹೇಳಿರುವುದು ಮನೆಯವರಿಗೂ ಬೇಕು, ಈಗಷ್ಟೇ ಮದುವೆ ಫೋಟೋ ಶುರುಮಾಡಿರುವ ಹುಡುಗ ಹುಡುಗಿಯರಿಗೂ ಬೇಕು. ಹಂತಗಳ ಕ್ರಮ ಮಾತ್ರ ಬದಲಾಯಿಸಬೇಡಿ.

## 1. ಮೊದಲ ಫೋನು ಪುರೋಹಿತರಿಗೆ

ಎಲ್ಲರೂ ಮಾಡುವ ತಪ್ಪು ಇಲ್ಲೇ ಶುರುವಾಗುತ್ತದೆ. ಲಗ್ನಪತ್ರಿಕೆಯಲ್ಲಿ "ಮುಹೂರ್ತ 9.30ರಿಂದ 10.20" ಅಂತ ಇರುತ್ತದೆ. ಮನೆಯವರು ಅದನ್ನೇ ಫೋಟೋಗ್ರಾಫರ್‌ಗೆ ಕಳಿಸುತ್ತಾರೆ, ಅವರು ಅದನ್ನೇ ಇಟ್ಟುಕೊಂಡು "ಏಳೂವರೆಗೆ ಬಂದರೆ ಸಾಕು" ಅಂದುಕೊಳ್ಳುತ್ತಾರೆ.

ಆದರೆ ಹುಡುಗಿ ರೆಡಿ ಇರಬೇಕಾದದ್ದು ಮುಹೂರ್ತಕ್ಕಲ್ಲ. ಅದಕ್ಕೂ ಮೊದಲು ಗೌರಿ ಪೂಜೆಗೆ ಕೂರಬೇಕು. ಬ್ರಾಹ್ಮಣರ ಮನೆಗಳಲ್ಲಿ ಹುಡುಗ ಕೊಡೆ ಹಿಡಿದು ಕಾಶಿಯಾತ್ರೆಗೆ ಹೊರಟ ಹೊತ್ತಿಗೆ ಹುಡುಗಿ ಒಳಗೆ ಗೌರಿಯ ಮುಂದೆ ಇರುತ್ತಾಳೆ. ಬಾಸಿಂಗ ಕಟ್ಟುವ ಪದ್ಧತಿ ಇರುವ ಮನೆಗಳಲ್ಲಿ ಅದಕ್ಕೂ ಸಮಯ ಬೇಕು. ಒಂದೊಂದು ಮನೆಯ ಶಾಸ್ತ್ರ ಒಂದೊಂದು ಥರ, ಒಂದೇ ಜಾತಿಯಲ್ಲೂ ಊರಿಂದ ಊರಿಗೆ ಬದಲಾಗುತ್ತದೆ.

ಪುರೋಹಿತರಿಗೆ ಮೂರು ಪ್ರಶ್ನೆ ಕೇಳಿ. ಹುಡುಗಿಯನ್ನು ಮೊದಲ ಸಲ ಎಷ್ಟು ಗಂಟೆಗೆ ಕರೆಯುತ್ತೀರಿ? ಅದಕ್ಕೆ ಮುಂಚೆ ಎಣ್ಣೆ ಶಾಸ್ತ್ರ, ಅರಿಶಿನ, ಮಂಗಳ ಸ್ನಾನ ಅಂತ ಬೆಳಿಗ್ಗೆ ಏನಾದರೂ ಇದೆಯಾ? ಧಾರೆಗೆ ಮುಂಚೆ ಸೀರೆ ಬದಲಾಯಿಸಬೇಕಾ? ಮೂರನೆಯದನ್ನು ಮರೆತವರು ತುಂಬಾ ಜನ. ಗಂಡಿನ ಕಡೆಯಿಂದ ಬರುವ ಧಾರೆ ಸೀರೆ ಉಡಬೇಕಾದರೆ ನಿಮ್ಮ ಪ್ಲಾನ್‌ನಲ್ಲಿ ಸಿಂಗಾರ ಒಂದಲ್ಲ, ಎರಡು.

## 2. ಅಲ್ಲಿಂದ ಹಿಂದಕ್ಕೆ ಬರೆಯಿರಿ

ಪುರೋಹಿತರು ಎಂಟು ಗಂಟೆಗೆ ಗೌರಿ ಪೂಜೆಗೆ ಕರೆಯುತ್ತೇವೆ ಅಂದರು ಅಂತಿಟ್ಟುಕೊಳ್ಳಿ. ಪೇಪರ್ ತೆಗೆದುಕೊಂಡು ಕೊನೆಯಿಂದ ಹಿಂದಕ್ಕೆ ಬರೆಯಿರಿ:

8.00 – ಗೌರಿ ಪೂಜೆ
7.30 – ಹುಡುಗಿ ಪೂರ್ತಿ ರೆಡಿ, ಒಬ್ಬಳದೇ ಫೋಟೋ, ಅಪ್ಪ ಅಮ್ಮನ ಜೊತೆ ಫೋಟೋ
7.00 – ಒಡವೆ, ಬಳೆ, ಕೊನೆಯ ಹೂವು
6.25 – ಸೀರೆ
5.40 – ಜಡೆ
4.30 – ಮೇಕಪ್
3.45 – ಸ್ನಾನ, ಕೂದಲು ಒಣಗಿಸುವುದು, ಹೊಟ್ಟೆಗೆ ಏನಾದರೂ

ಈ ಸಮಯಗಳನ್ನು ನಿಮ್ಮ ಮೇಕಪ್‌ನವರ ಹತ್ತಿರ ಕೇಳಿ ತಿದ್ದಿ. ಕೆಲವರು ಒಂದು ಗಂಟೆಯಲ್ಲಿ ಮುಗಿಸುತ್ತಾರೆ, ಕೆಲವರಿಗೆ ಎರಡು ಗಂಟೆ ಬೇಕು. ಆದರೆ 7.30ರಿಂದ 8ರ ಆ ಅರ್ಧ ಗಂಟೆಯನ್ನು ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ. ತಡ ಆದಾಗ ಎಲ್ಲರೂ ಕತ್ತರಿಸುವುದು ಅದನ್ನೇ, ನಿಮಗೆ ಬೇಕಾದ ಫೋಟೋ ಎಲ್ಲ ಇರುವುದೂ ಅಲ್ಲೇ.

ಇನ್ನೊಂದು ಲೆಕ್ಕ ಸೂರ್ಯನದು. ಜನವರಿ, ಫೆಬ್ರವರಿಯಲ್ಲಿ ಮೈಸೂರಲ್ಲಿ ಸೂರ್ಯ ಹುಟ್ಟುವಾಗ ಆರೂ ಮುಕ್ಕಾಲಿನ ಹತ್ತಿರ ಆಗಿರುತ್ತದೆ. ಮೇ ತಿಂಗಳಲ್ಲಿ ಆರು ಗಂಟೆಗೇ ಬೆಳಕು. ಅಂದರೆ ಇದೇ ಪಟ್ಟಿ ಮಾಘ ಮಾಸದ ಮದುವೆಯಲ್ಲಿ ಸೀರೆ ಉಡುವವರೆಗೂ ಕತ್ತಲಲ್ಲೇ ನಡೆಯುತ್ತದೆ, ವೈಶಾಖದಲ್ಲಿ ಜಡೆ ಹಾಕುವಾಗಲೇ ಕಿಟಕಿ ಬೆಳಕು ಸಿಗುತ್ತದೆ. ಮುಹೂರ್ತವೇ ಆರು ಗಂಟೆ ಹೊತ್ತಿಗೆ ಇದ್ದರೆ ಕಿಟಕಿಯನ್ನು ಮರೆತುಬಿಡಿ. ಎಲ್ಲವೂ ಲೈಟಿನಲ್ಲೇ ಆಗಬೇಕು. ಅದನ್ನು ಫೋಟೋಗ್ರಾಫರ್‌ಗೆ ಮೊದಲೇ ಹೇಳಿ, ಒಂದು ಸಾಫ್ಟ್‌ಬಾಕ್ಸ್ (ಲೈಟಿನ ಬೆಳಕನ್ನು ಮೆತ್ತಗೆ ಮಾಡುವ ಬಟ್ಟೆಯ ಪೆಟ್ಟಿಗೆ) ತರುತ್ತಾರೆ.

## 3. ಛತ್ರದ ಕೋಣೆ ನೋಡಿಕೊಂಡು ಬನ್ನಿ

ಛತ್ರ ಬುಕ್ ಮಾಡುವಾಗ ಎಲ್ಲರೂ ಊಟದ ಹಾಲು ನೋಡುತ್ತಾರೆ, ಪಾರ್ಕಿಂಗ್ ನೋಡುತ್ತಾರೆ. ವಧುವಿನ ಕೋಣೆಯ ಬಾಗಿಲನ್ನು ಯಾರೂ ತೆಗೆಸುವುದಿಲ್ಲ. ತೆಗೆಸಿ. ಸಾಧ್ಯವಾದರೆ ಬೆಳಿಗ್ಗೆ ಏಳು ಗಂಟೆಗೇ ಹೋಗಿ ತೆಗೆಸಿ.

ವೇದಿಕೆ ಪಕ್ಕದಲ್ಲೇ ಇರುತ್ತದೆ ಅಂತ ಒಂದು ಕೋಣೆಗೆ "ವಧು" ಅಂತ ಬೋರ್ಡ್ ಹಾಕಿರುತ್ತಾರೆ. ಅದಕ್ಕೆ ಕಿಟಕಿ ಇಲ್ಲದೆ ಇರಬಹುದು, ಇದ್ದರೂ ಅಡುಗೆಮನೆ ಕಡೆಗೆ ಇರಬಹುದು. ಮಹಡಿಯಲ್ಲಿ ದೊಡ್ಡ ಕಿಟಕಿಯ ಬೇರೆ ಕೋಣೆ ಇದ್ದರೆ ಅದನ್ನೇ ಸಿಂಗಾರಕ್ಕೆ ಇಟ್ಟುಕೊಳ್ಳಿ, ಬೋರ್ಡ್ ಇರುವ ಕೋಣೆಗೆ ಸೂಟ್‌ಕೇಸುಗಳನ್ನು ಹಾಕಿ. ಉತ್ತರದ ಕಿಟಕಿ ಸಿಕ್ಕರೆ ಅದೃಷ್ಟ, ಬೆಳಕು ಮೆತ್ತಗಿರುತ್ತದೆ. ಪೂರ್ವದ ಕಿಟಕಿಯಾದರೆ ಬಿಸಿಲು ನೇರ ಮುಖಕ್ಕೆ ಬೀಳುತ್ತದೆ, ಅರ್ಧ ಕೆನ್ನೆ ಬೆಳ್ಳಗೆ ಅರ್ಧ ಕಪ್ಪಗೆ. ಅದಕ್ಕೆ ಒಂದು ಬಿಳಿ ಪಂಚೆ ಸಾಕು. ಒಂಟಿ ಪದರ ಮಾಡಿ ಕಿಟಕಿಗೆ ಕಟ್ಟಿ, ನಾಲ್ಕು ಬಟ್ಟೆ ಕ್ಲಿಪ್ ಹಾಕಿ. ದುಡ್ಡು ಕೊಟ್ಟು ತರುವ ಡಿಫ್ಯೂಸರ್ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಎದುರುಗಡೆ ಒಂದು ಥರ್ಮಕೋಲ್ ಹಾಳೆ ನಿಲ್ಲಿಸಿದರೆ ಮುಖದ ಇನ್ನೊಂದು ಬದಿಗೂ ಬೆಳಕು ಬೀಳುತ್ತದೆ.

ಗೋಡೆ ಬಣ್ಣ ನೋಡಿ. ಪಿಸ್ತಾ ಹಸಿರು, ಗುಲಾಬಿ ಡಿಸ್ಟೆಂಪರ್ ಇದ್ದರೆ ಫ್ಲಾಶ್ ಗೋಡೆಗೆ ಹೊಡೆದು ವಾಪಸ್ ಬರುವಾಗ ಆ ಬಣ್ಣವನ್ನೂ ಮುಖಕ್ಕೆ ತರುತ್ತದೆ. ಚಾವಣಿ ಬಿಳಿ ಇದ್ದರೆ ಫ್ಲಾಶನ್ನು ಮೇಲಕ್ಕೆ ತಿರುಗಿಸಬೇಕು, ಗೋಡೆಗಲ್ಲ.

ಪ್ಲಗ್ ಪಾಯಿಂಟ್ ಎಣಿಸಿ. ಗೀಸರ್ 2000 ವ್ಯಾಟ್, ಹೇರ್ ಡ್ರೈಯರ್ ಸಾವಿರಕ್ಕೂ ಜಾಸ್ತಿ, ಮೇಲೆ ಕೂದಲಿನ ಐರನ್, ಸೀರೆಯ ಇಸ್ತ್ರಿ ಪೆಟ್ಟಿಗೆ. ಎಲ್ಲ ಒಟ್ಟಿಗೆ ಹಾಕಿದರೆ ಬೆಳಿಗ್ಗೆ ಐದಕ್ಕೆ ಟ್ರಿಪ್ ಆಗುತ್ತದೆ, ಆ ಹೊತ್ತಲ್ಲಿ ಛತ್ರದ ಎಲೆಕ್ಟ್ರಿಷಿಯನ್ ಎಲ್ಲಿ ಸಿಗುತ್ತಾನೆ? ಜನರೇಟರ್ ಇದೆ ಅಂತ ಹೇಳಿದರೆ "ಈ ಕೋಣೆಯ ಪ್ಲಗ್ಗಿಗೂ ಬರುತ್ತದಾ" ಅಂತ ಕೇಳಿ. ಎಷ್ಟೋ ಕಡೆ ಅದು ಹಾಲಿಗೆ ಮತ್ತು ವೇದಿಕೆಗೆ ಮಾತ್ರ ಇರುತ್ತದೆ.

ಮಂಡ್ಯ ಕಡೆ ಹಳ್ಳಿಯಲ್ಲಿ ಮನೆ ಮುಂದೆಯೇ ಮದುವೆ ಅಂದರೆ ಕಥೆ ಬೇರೆ. ಹೆಂಚಿನ ಮನೆಯ ಕೋಣೆಗಳು ಕತ್ತಲು. ತೊಟ್ಟಿ ಮನೆ ಇದ್ದರೆ ಬೇರೆ ಎಲ್ಲೂ ಹುಡುಕಬೇಡಿ, ತೊಟ್ಟಿಯ ಪಕ್ಕದ ಪಡಸಾಲೆಯಲ್ಲಿ ಹುಡುಗಿಯನ್ನು ಕೂರಿಸಿ, ಮೇಲಿಂದ ಬರುವ ಬೆಳಕು ಯಾವ ಸ್ಟುಡಿಯೋದಲ್ಲೂ ಸಿಗುವುದಿಲ್ಲ. ಚಪ್ಪರದ ಕೆಳಗೆ ಮಾತ್ರ ಮುಖದ ಫೋಟೋ ಬೇಡ. ಶಾಮಿಯಾನದ ಕೆಂಪು ಹಳದಿ ಬಟ್ಟೆಯ ಬಣ್ಣ ಪೂರ್ತಿ ಮುಖಕ್ಕೆ ಇಳಿಯುತ್ತದೆ, ತೆಂಗಿನ ಗರಿಯ ಚಪ್ಪರವಾದರೆ ಬಿಸಿಲು ಚುಕ್ಕೆ ಚುಕ್ಕೆಯಾಗಿ ಬೀಳುತ್ತದೆ.

## 4. ಯಾರು ಒಳಗೆ, ಯಾರು ಹೊರಗೆ

ಒಬ್ಬರನ್ನು ಉಸ್ತುವಾರಿಗೆ ನೇಮಿಸಿ. ಅಮ್ಮ ಬೇಡ. ಅಮ್ಮನಿಗೆ ಆ ಬೆಳಿಗ್ಗೆ ಹೂವಿನವನು, ಅಡುಗೆಯವನು, ಬೀಗರು ಎಲ್ಲರೂ ಬೇಕು. ಚಿಕ್ಕಪ್ಪನ ಮಗಳೋ, ಗೆಳತಿಯೋ ಆಗಲಿ. ಜೋರಾಗಿ ಮಾತಾಡಲು ಬರಬೇಕು, ದೊಡ್ಡವರಿಗೆ "ಅತ್ತೆ, ಹತ್ತು ನಿಮಿಷ ಆಚೆ ಇರ್ತೀರಾ" ಅಂತ ನಗುತ್ತಾ ಹೇಳಲೂ ಬರಬೇಕು. ಅವಳು ಮಾತ್ರ ಮೂರು ಗಂಟೆಗೇ ರೆಡಿಯಾಗಿರಲಿ. ಹುಡುಗಿಯ ಫೋನು ಅವಳ ಕೈಯಲ್ಲಿರಲಿ.

ಫೋಟೋಗ್ರಾಫರ್ ಜೊತೆ ಮಾತಾಡುವಾಗ ಕೇಳಬೇಕಾದ್ದು "ಎಷ್ಟು ಫೋಟೋ ಕೊಡ್ತೀರಾ" ಅಂತಲ್ಲ. ವಧುವಿನ ಕೋಣೆಗೆ ಯಾರು ಬರುತ್ತಾರೆ, ಎಷ್ಟು ಗಂಟೆಗೆ, ಅದೇ ಹೊತ್ತಲ್ಲಿ ಗಂಡಿನ ಕೋಣೆಯಲ್ಲಿ ಯಾರು ಇರುತ್ತಾರೆ ಅಂತ ಕೇಳಿ. ಒಬ್ಬರೇ ಎರಡೂ ಕಡೆ ಓಡಾಡಿದರೆ ಎರಡೂ ಕಡೆ ಅರ್ಧಂಬರ್ಧ. ಸೀರೆ ಉಡುವ ಹೊತ್ತಿಗೆ ಒಳಗೆ ಇರಲು ಹೆಣ್ಣುಮಕ್ಕಳು ತಂಡದಲ್ಲಿ ಇದ್ದಾರಾ ಅಂತಲೂ ಕೇಳಿ. ಇಲ್ಲದಿದ್ದರೆ 9ನೇ ಹಂತದಲ್ಲಿ ಹೇಳಿರುವ ಬಾಗಿಲ ನಿಯಮ ಗಟ್ಟಿಯಾಗಿರಲಿ.

ವಿಡಿಯೋದವರ ಲೈಟು ದೊಡ್ಡ ತಲೆನೋವು. ಫೋಟೋದವರು ಕಿಟಕಿ ಬೆಳಕಲ್ಲಿ ಚೆಂದವಾಗಿ ಕೂರಿಸಿರುತ್ತಾರೆ, ಅಷ್ಟರಲ್ಲಿ ವಿಡಿಯೋದವರು ಎಲ್‌ಇಡಿ ಪ್ಯಾನೆಲ್ಲನ್ನು ನೇರ ಮುಖಕ್ಕೆ ಹಿಡಿಯುತ್ತಾರೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮೊದಲೇ ಹೇಳಿ, ವಧುವಿನ ಕೋಣೆಯಲ್ಲಿ ಆ ಲೈಟು ಆಫ್ ಇರಬೇಕು ಅಥವಾ ಚಾವಣಿ ನೋಡಬೇಕು.

ಮೇಕಪ್‌ನವರಿಗೆ ಅದೇ ಬೆಳಿಗ್ಗೆ ಇನ್ನೊಂದು ಮದುವೆ ಇದೆಯಾ ಅಂತ ನೇರವಾಗಿ ಕೇಳಿ. "ಇನ್ನೊಬ್ಬರದ್ದು ಮುಗಿಸಿಕೊಂಡು ಬರ್ತೀನಿ" ಅಂದರೆ ಅದೇ ಮೊದಲ ಅಪಾಯದ ಗಂಟೆ. ಮೈಸೂರಿಂದ ಮಂಡ್ಯಕ್ಕೆ ಬರುವವರಿದ್ದರೆ ಸುಮಾರು 45 ಕಿಲೋಮೀಟರ್, ಕಾರಲ್ಲಿ ಬೆಳಗಿನ ಜಾವ ಕಷ್ಟವಿಲ್ಲ. ಆದರೆ ಲೈಟು ಹೊತ್ತುಕೊಂಡು ಬೈಕಲ್ಲಿ ಬರುವ ಸಹಾಯಕ ಹುಡುಗರ ಲೆಕ್ಕ ಬೇರೆ ಹಾಕಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೋಗಳಿಗೆ ಪ್ರವೇಶ ಇಲ್ಲ, ಸರ್ವಿಸ್ ರಸ್ತೆಯಲ್ಲೇ ಬರಬೇಕು. ಅರ್ಧ ಗಂಟೆ ಜಾಸ್ತಿ ಇಟ್ಟುಕೊಳ್ಳಿ.

## 5. ಹಿಂದಿನ ರಾತ್ರಿ, ಮಲಗುವ ಮುಂಚೆ

ನಮ್ಮ ಕಡೆ ರಿಸೆಪ್ಷನ್ ಹಿಂದಿನ ಸಂಜೆಯೇ ಇರುವುದು ಜಾಸ್ತಿ. ಕೊನೆಯ ಅತಿಥಿ ಹೋಗುವಾಗ ಹತ್ತೂವರೆ, ಕೂದಲಿನ ಪಿನ್ ತೆಗೆಯುವಾಗ ಹನ್ನೊಂದೂವರೆ, ಏಳಬೇಕಾದದ್ದು ಮೂರೂವರೆಗೆ. ಕಣ್ಣು ಊದಿಕೊಳ್ಳದೆ ಇನ್ನೇನು ಆಗುತ್ತದೆ? ರಿಸೆಪ್ಷನ್ ವೇದಿಕೆಯಿಂದ ಹುಡುಗಿಯನ್ನು ಇಳಿಸುವ ಸಮಯವನ್ನೂ ಬರೆದಿಡಿ, ಹತ್ತು ಗಂಟೆ ಅಂದರೆ ಹತ್ತು ಗಂಟೆ.

ಮಲಗುವ ಮುಂಚೆ ಮೂರು ಕೆಲಸ. ಮುಹೂರ್ತದ ಬ್ಲೌಸ್ ಹಾಕಿ ಹುಕ್ ಬೀಳುತ್ತದಾ ನೋಡುವುದು. ಎಲ್ಲ ಒಡವೆಯನ್ನು ಒಂದೇ ಡಬ್ಬಿಗೆ ಹಾಕಿ, ಪಟ್ಟಿ ಬರೆದು, ಒಬ್ಬರ ವಶಕ್ಕೆ ಕೊಡುವುದು. ಕಿಟಕಿ ಹತ್ತಿರ ಆರಡಿ ಉದ್ದ ಆರಡಿ ಅಗಲದ ಒಂದು ಮೂಲೆಯನ್ನು ಖಾಲಿ ಮಾಡುವುದು: ಪ್ಲಾಸ್ಟಿಕ್ ಕುರ್ಚಿ, ನೀರಿನ ಬಾಟಲಿ, ಚಾರ್ಜರ್ ವೈರು, ಹರಡಿದ ಚಾಪೆ, ಯಾವುದೂ ಇರಬಾರದು. ಇಡೀ ಕೋಣೆ ಕ್ಲೀನ್ ಮಾಡಲು ಹೋಗಬೇಡಿ, ಅದು ಆಗುವ ಕೆಲಸ ಅಲ್ಲ. ನೆಂಟರು ಅಲ್ಲೇ ಮಲಗಿರುತ್ತಾರೆ, ಮಲಗಲಿ. ಆ ಮೂಲೆ ಮಾತ್ರ ಹುಡುಗಿಯದು.

ಮೊಗ್ಗಿನ ಜಡೆ ಹೇಳಿದ್ದರೆ ಅದು ಎಷ್ಟು ಹೊತ್ತಿಗೆ, ಯಾರ ಕೈಗೆ ಬರುತ್ತದೆ ಅಂತ ಮತ್ತೊಮ್ಮೆ ಫೋನ್ ಮಾಡಿ. ರಾತ್ರಿ ಹತ್ತಕ್ಕೆ "ಮೇಕಪ್‌ನವರು ಎಷ್ಟು ಗಂಟೆಗೆ ಬರ್ತಾರೆ" ಅಂತ ಕೇಳಿದರೆ ಮನೆಯಲ್ಲಿ ಇಬ್ಬರು ಎರಡು ಉತ್ತರ ಹೇಳುತ್ತಿದ್ದಾರೆ ಅಂದರೆ ಆಗಲೇ ಸರಿಮಾಡಿ, ಬೆಳಿಗ್ಗೆ ಆಗುವುದಿಲ್ಲ.

## 6. ಒಡವೆ, ಸೀರೆಯ ಫೋಟೋ ಎಲ್ಲಕ್ಕಿಂತ ಮೊದಲು

ಹುಡುಗಿ ಮೇಕಪ್‌ಗೆ ಕೂತಿರುವಾಗಲೇ ಇದು ಮುಗಿಯಬೇಕು. ಒಮ್ಮೆ ಒಡವೆ ಮೈಮೇಲೆ ಏರಿದರೆ ಮತ್ತೆ ತೆಗೆದು ಫೋಟೋ ಹಿಡಿಯುವುದು ಇಲ್ಲ. ಜಡೆಬಿಲ್ಲೆ, ವಂಕಿ, ಡಾಬು, ಬೈತಲೆ ಬೊಟ್ಟು, ಜುಮುಕಿ, ಹಸಿರು ಬಳೆ, ಲಗ್ನಪತ್ರಿಕೆ. ನೆಲದ ಮೇಲೆ ಇಡಬೇಡಿ, ಮನೆಯ ದೊಡ್ಡವರಿಗೆ ಇಷ್ಟ ಆಗುವುದಿಲ್ಲ. ತಟ್ಟೆಯಲ್ಲಿ ಅಕ್ಕಿ ಹರಡಿ, ಇಲ್ಲವೇ ವೀಳ್ಯದೆಲೆ ಜೋಡಿಸಿ ಅದರ ಮೇಲೆ ಇಡಿ. ಹಸಿರೆಲೆಯ ಮೇಲೆ ಚಿನ್ನ ಎದ್ದು ಕಾಣುತ್ತದೆ.

ಮೈಸೂರು ರೇಷ್ಮೆ ಸೀರೆಗೆ ನೇರ ಫ್ಲಾಶ್ ಹೊಡೆಯಬೇಡಿ. ಅದರ ಜರಿ ಅಂದರೆ ಬೆಳ್ಳಿ ಎಳೆಗೆ ಚಿನ್ನದ ಲೇಪ, ಎದುರಿಂದ ಬೆಳಕು ಬಿದ್ದರೆ ಅಂಚು ಪೂರ್ತಿ ಬಿಳಿ ಪಟ್ಟಿಯಾಗಿ ಸುಟ್ಟುಹೋಗುತ್ತದೆ. ಬೆಳಕು ಪಕ್ಕದಿಂದ ಬರಲಿ.

ತಾಳಿಯನ್ನು ಈ ಸಾಲಲ್ಲಿ ಸೇರಿಸಬೇಡಿ. ಅದು ಫೋಟೋಗೆ ಅಂತ ಡಬ್ಬಿಯಿಂದ ಆಚೆ ಬರುವ ವಸ್ತು ಅಲ್ಲ. ತಟ್ಟೆಯಲ್ಲಿಟ್ಟು ಹಿರಿಯರ ಕೈಗೆ ಮುಟ್ಟಿಸಿಕೊಂಡು ಬರುವಾಗ ಸಿಗುತ್ತದೆ, ಆಗ ಹಿಡಿಯಿರಿ.

ಇಪ್ಪತ್ತು ನಿಮಿಷದಲ್ಲಿ ಮುಗಿಸಿ, ಪಟ್ಟಿ ನೋಡಿ ಎಣಿಸಿ, ಡಬ್ಬಿ ವಾಪಸ್ ಕೊಡಿ. ಎಣಿಸುವಾಗ ಒಡವೆ ಹಿಡಿದವರೂ ಪಕ್ಕದಲ್ಲೇ ಇರಬೇಕು.

## 7. ಮೇಕಪ್: ಅರ್ಧ ಮುಗಿದ ಮೇಲೆ ಒಳಗೆ ಬನ್ನಿ

ಬರೀ ಮುಖದ, ನಿದ್ದೆಗಣ್ಣಿನ ಫೋಟೋ ಯಾರಿಗೂ ಬೇಡ. ಪೂರ್ತಿ ಮುಗಿದ ಮೇಲೆ ನಟಿಸಿದ್ದೂ ಬೇಡ. ಬೇಸ್ ಆಗಿ, ಕಣ್ಣು ಅರ್ಧ ಆಗಿರುವಾಗ ಬನ್ನಿ. ಕಾಡಿಗೆ, ತುಟಿ ಬಣ್ಣ, ಬೊಟ್ಟು, ಈ ಮೂರು ನಿಜವಾಗಿ ಆಗುವಾಗ ಹಿಡಿದರೆ ಸಾಕು.

ಕುರ್ಚಿ ಕಿಟಕಿಗೆ ಓರೆಯಾಗಿರಲಿ, ಮೇಕಪ್‌ನವರು ಕಿಟಕಿ ಇರುವ ಕಡೆ ಬಿಟ್ಟು ಇನ್ನೊಂದು ಬದಿಯಲ್ಲಿ ನಿಲ್ಲಲಿ. ಇದನ್ನು ಮೊದಲೇ ಹೇಳದಿದ್ದರೆ ಅವರ ಬೆನ್ನೇ ಬೆಳಕಿಗೆ ಅಡ್ಡ ಬರುತ್ತದೆ. ಕಿಟಕಿಯಲ್ಲಿ ಬೆಳಕು ಬಂದ ಕೂಡಲೇ ಟ್ಯೂಬ್‌ಲೈಟ್ ಆಫ್ ಮಾಡಿಸಿ, ಎರಡೂ ಇದ್ದರೆ ಒಂದು ಕೆನ್ನೆ ನೀಲಿ ಒಂದು ಕೆನ್ನೆ ಹಸಿರು. ಇನ್ನೂ ಕತ್ತಲಿದ್ದು ಟ್ಯೂಬ್‌ಲೈಟಿನಲ್ಲೇ ತೆಗೆಯಬೇಕಾದರೆ ಶಟರ್ ವೇಗ 1/100 ಅಥವಾ 1/50 ಸೆಕೆಂಡಿನಲ್ಲಿ ಇಡಿ. ನಮ್ಮ ಕರೆಂಟು 50 ಹರ್ಟ್ಜ್, ಹಳೇ ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಅದಕ್ಕಿಂತ ವೇಗದ ಶಟರ್ ಇಟ್ಟರೆ ಫೋಟೋದಲ್ಲಿ ಅಡ್ಡ ಪಟ್ಟಿ ಬೀಳುತ್ತದೆ. ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ) 1600, 3200 ಆದರೂ ಪರವಾಗಿಲ್ಲ, ಸ್ವಲ್ಪ ಕಾಳು ಕಾಣುವುದು ಪಟ್ಟಿಗಿಂತ ವಾಸಿ. ವೈಟ್ ಬ್ಯಾಲೆನ್ಸ್ (ಬಣ್ಣ ಸರಿಹೊಂದಿಸುವ ಸೆಟ್ಟಿಂಗ್) ಆಟೋದಲ್ಲಿ ಬೇಡ, ಕೆಂಪು ಸೀರೆ ಫ್ರೇಮಿಗೆ ಬಂದ ಕೂಡಲೇ ಮುಖದ ಬಣ್ಣವೂ ಬದಲಾಗುತ್ತದೆ.

ಬೇಸ್ ಮುಗಿದ ತಕ್ಷಣ ಫ್ಲಾಶ್ ಹಾಕಿ ಒಂದು ಟೆಸ್ಟ್ ಫೋಟೋ ತೆಗೆಯಿರಿ, ಮೇಕಪ್‌ನವರಿಗೇ ತೋರಿಸಿ. ಕಣ್ಣಿಗೆ ಸರಿ ಕಂಡ ಮುಖ ಫ್ಲಾಶಿನಲ್ಲಿ ಬೂದಿ ಬಳಿದ ಹಾಗೆ ಕಂಡರೆ ಪೌಡರ್‌ನಲ್ಲಿರುವ ಸಿಲಿಕಾವೋ ಸನ್‌ಸ್ಕ್ರೀನಿನ ಜಿಂಕ್, ಟೈಟಾನಿಯಂ ಅಂಶವೋ ಬೆಳಕನ್ನು ವಾಪಸ್ ಕಳಿಸುತ್ತಿದೆ ಅಂತ ಅರ್ಥ. ಆಗ ಸರಿಮಾಡಲು ಐದು ನಿಮಿಷ ಸಾಕು. ಧಾರೆಯಾದ ಮೇಲೆ ಗೊತ್ತಾದರೆ ಏನೂ ಮಾಡಲಾಗದು. ಬೆಳಿಗ್ಗೆಯೇ ಅರಿಶಿನ ಹಚ್ಚಿದ್ದರೆ ಕಿವಿಯ ಹಿಂದೆ, ಕತ್ತಿನ ಕೆಳಗೆ ಉಳಿದಿದೆಯಾ ನೋಡಿ, ಕ್ಯಾಮೆರಾದಲ್ಲಿ ಆ ಹಳದಿ ಇನ್ನೂ ಜಾಸ್ತಿ ಕಾಣುತ್ತದೆ.

ಮತ್ತೆ ಮುಖದ ಬಣ್ಣ. ಎಣ್ಣೆಗೆಂಪು ಹುಡುಗಿಯನ್ನು ಆಲ್ಬಂನಲ್ಲಿ ಸುಣ್ಣದ ಗೋಡೆ ಮಾಡುವ ಚಾಳಿ ಇನ್ನೂ ಹೋಗಿಲ್ಲ. "ನಮ್ಮ ಹುಡುಗಿಯ ಬಣ್ಣ ಹೇಗಿದೆಯೋ ಹಾಗೇ ಇರಲಿ" ಅಂತ ಅಡ್ವಾನ್ಸ್ ಕೊಡುವಾಗಲೇ ಹೇಳಿಬಿಡಿ.

## 8. ಜಡೆ

ಇಲ್ಲಿ ಅವಸರ ಮಾಡಬೇಡಿ, ನಮ್ಮ ಕಡೆಯ ವಧುವಿಗೆ ಬೆನ್ನ ಕಡೆಯ ಫೋಟೋ ಮುಖದಷ್ಟೇ ಮುಖ್ಯ.

ಮೊಗ್ಗಿನ ಜಡೆಗೆ ಅರಳದ ಮಲ್ಲಿಗೆ ಮೊಗ್ಗು ಬೇಕು. ಬೇಸಿಗೆಯಲ್ಲಿ ಸುಲಭ. ಚಳಿಗಾಲದ ಮದುವೆಯಾದರೆ ಮಲ್ಲಿಗೆ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ, ಕಾಕಡ ಮೊಗ್ಗಿಗೆ ಒಪ್ಪಿಕೊಳ್ಳಬೇಕಾಗಬಹುದು. ದೇವರಾಜ ಮಾರುಕಟ್ಟೆಯ ಹೂವಿನವರಿಗಾದರೂ ಮೊದಲೇ ಹೇಳಿಟ್ಟಿರಬೇಕು, ಬೆಳಿಗ್ಗೆ ಹೋಗಿ ಕೇಳಿದರೆ ಅರಳಿದ ಹೂವೇ ಗತಿ. ಜಡೆ ಬಂದ ಮೇಲೆ ಒದ್ದೆ ಹತ್ತಿ ಬಟ್ಟೆಯಲ್ಲಿ ಸುತ್ತಿ ತಂಪಾದ ಕಡೆ ಇಡಿ. ಐಸ್ ನೇರ ತಾಗಿದರೆ ಮೊಗ್ಗು ಕಂದುತ್ತದೆ.

ಕಟ್ಟಿದ ಮೇಲೆ ಗಡಿಯಾರ ಓಡುತ್ತದೆ. ಮೈ ಬಿಸಿಗೆ, ಕೋಣೆಯ ಬಿಸಿಗೆ ಮೊಗ್ಗು ಬಿರಿಯತೊಡಗುತ್ತದೆ, ಹೋಮದ ಮುಂದೆ ಕೂತ ಮೇಲಂತೂ ಕೇಳಲೇಬೇಡಿ. ಜಡೆಯ ಸಾಲು ಸಾಲು ಮೊಗ್ಗು, ನಡುವೆ ಜರಿ ದಾರ, ಕೆಳಗೆ ಕುಚ್ಚು, ಇವೆಲ್ಲ ಗೆರೆ ಎಳೆದ ಹಾಗೆ ಇರುವುದು ಮೊದಲ ಒಂದು ಗಂಟೆ. ಆಗಲೇ ಹಿಡಿಯಿರಿ. ಬೆಳಕು ಪಕ್ಕದಿಂದ ಬರಲಿ, ಎದುರಿಂದ ಬಂದರೆ ಮೊಗ್ಗೆಲ್ಲ ಒಂದೇ ಬಿಳಿ ಮುದ್ದೆ. ಹುಡುಗಿ ನಿಂತಿರಲಿ, ಕೂತರೆ ಜಡೆ ಕುರ್ಚಿಗೆ ಒತ್ತಿ ಮೊಗ್ಗು ಜಜ್ಜುತ್ತದೆ. ಜಡೆ ಭಾರ ಇರುತ್ತದೆ, ಪದೇ ಪದೇ "ಇನ್ನೊಂದು ಸಲ ತಿರುಗಿ" ಅನ್ನಬೇಡಿ, ಕತ್ತು ನೋವು ಮುಖದಲ್ಲಿ ಕಾಣುತ್ತದೆ.

ಕೂದಲು ಒಣಗದೆ ಜಡೆ ಶುರುಮಾಡಿದ್ದಾರೆ ಅಂದರೆ ಎಚ್ಚರ. ಒದ್ದೆ ಕೂದಲು ಪಿನ್ ಹಿಡಿಯುವುದಿಲ್ಲ, ಮಾಂಗಲ್ಯ ಕಟ್ಟುವ ಹೊತ್ತಿಗೆ ಜಡೆ ಒಂದು ಕಡೆ ವಾಲುತ್ತದೆ.

## 9. ಸೀರೆ ಮತ್ತು ಬಾಗಿಲು

ನಿಯಮ ಸರಳ. ಬ್ಲೌಸ್ ಹಾಕುವುದರಿಂದ ನೆರಿಗೆ ಸಿಕ್ಕಿಸುವವರೆಗೆ ಕ್ಯಾಮೆರಾ ಹೊರಗೆ, ಫೋನುಗಳೂ ಹೊರಗೆ. ನೆರಿಗೆ ಕೂತ ಮೇಲೆ ಉಸ್ತುವಾರಿಯವಳು ಬಾಗಿಲು ತೆಗೆಯುತ್ತಾಳೆ. ಸೆರಗಿಗೆ ಪಿನ್ ಹಾಕುವುದು, ಕೆಳಗೆ ಕೂತು ನೆರಿಗೆಯ ಅಂಚು ಎಳೆದು ಸರಿಮಾಡುವುದು, ಇವು ಫೋಟೋಗೆ ಸಾಕು. ಫೋಟೋದವರು ಹೆಣ್ಣುಮಕ್ಕಳಾದರೂ ಇದೇ ನಿಯಮ ಇರಲಿ, ಹುಡುಗಿ ಬೇಕು ಅಂದರೆ ಬೇರೆ ಮಾತು.

ಜಾಸ್ತಿ ತೊಂದರೆ ಬರುವುದು ಫೋಟೋಗ್ರಾಫರ್‌ನಿಂದಲ್ಲ, ಫೋನ್ ಹಿಡಿದ ನೆಂಟರಿಂದ. ಕನ್ನಡಿಯಲ್ಲಿ ಹಿಂದಿನವರು ಕಾಣುತ್ತಾರೆ ಅನ್ನುವುದೇ ಅವರಿಗೆ ಹೊಳೆಯುವುದಿಲ್ಲ, ಫೋಟೋ ಆಗಲೇ ಸ್ಟೇಟಸ್‌ಗೆ ಹೋಗಿರುತ್ತದೆ.

## 10. ಒಡವೆ ತೊಡಿಸುವಾಗ

ಈ ಹಂತದಲ್ಲಿ ನಿರ್ದೇಶನ ಮಾಡಬೇಡಿ. ಮೇಕಪ್‌ನವರ ಕೈಯಲ್ಲಿ ಒಡವೆ ಹಾಕಿಸುವ ಬದಲು ಮನೆಯವರನ್ನು ಕರೆಯಿರಿ, ಒಬ್ಬೊಬ್ಬರಿಗೆ ಒಂದೊಂದು. ಸರ ಅಮ್ಮ, ಬಳೆ ಅಕ್ಕ, ಕಿವಿಯದು ಅತ್ತೆ, ಬೊಟ್ಟು ಅಜ್ಜಿ. ಯಾರು ಯಾವುದು ಅಂತ ಹಿಂದಿನ ದಿನವೇ ಹೇಳಿಟ್ಟರೆ ಆ ಹೊತ್ತಲ್ಲಿ ಬೇಜಾರುಗಳು ಇರುವುದಿಲ್ಲ.

ಡಾಬಿನ ಕೊಂಡಿ ಹಿಂದೆ ಇರುತ್ತದೆ. ಅಮ್ಮ ಕನ್ನಡಕ ಮರೆತು ಬಂದು, ತಡಕಾಡಿ ಕೊಂಡಿ ಸಿಕ್ಕಿಸುವಾಗ ಅವಳ ಬಳೆ ಸೀರೆಯ ಜರಿಗೆ ತಗುಲಿಕೊಳ್ಳುತ್ತದೆ, ಬಿಡಿಸಿಕೊಳ್ಳುತ್ತಾ ಏನೋ ಗೊಣಗುತ್ತಾಳೆ, ಹುಡುಗಿ ಹಿಂದೆ ತಿರುಗಿ ನಗುತ್ತಾಳೆ. ಇದನ್ನು ಹೇಳಿ ಮಾಡಿಸಲು ಆಗುವುದಿಲ್ಲ. ಫೋಟೋಗ್ರಾಫರ್ ಮೂರಡಿ ದೂರದಲ್ಲಿ 35 ಅಥವಾ 50 ಎಂಎಂ ಲೆನ್ಸ್ ಹಿಡಿದು ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಸಿಗುತ್ತದೆ. ಇಬ್ಬರು ಇರುವಾಗ ಅಪರ್ಚರ್ (ಲೆನ್ಸಿನ ಕಿಂಡಿ) ಎಫ್ 4ರ ಹತ್ತಿರ ಇಡಿ, ಎಫ್ 1.8ರಲ್ಲಿ ಹಿಡಿದರೆ ಅಮ್ಮನ ಮುಖ ಮಸುಕು.

ದೃಷ್ಟಿ ಬೊಟ್ಟು ಕೊನೆಗೆ. ಕೆನ್ನೆಯದ್ದಾಗಲಿ ಗಲ್ಲದ್ದಾಗಲಿ, ಅದನ್ನು ಎಡಿಟಿಂಗ್‌ನಲ್ಲಿ ಕಲೆ ಅಂದುಕೊಂಡು ಅಳಿಸುವವರಿದ್ದಾರೆ. ಬೇಡ ಅಂತ ಹೇಳಿಡಿ.

## 11. ಆ ಅರ್ಧ ಗಂಟೆ

ಹತ್ತು ನಿಮಿಷ ಹುಡುಗಿ ಒಬ್ಬಳೇ, ಕಿಟಕಿ ಹತ್ತಿರ, ಬಾಗಿಲು ಹಾಕಿ. 85 ಎಂಎಂ ಲೆನ್ಸ್ ಇದ್ದರೆ ಈಗ ತೆಗೆಯಿರಿ. ಆಮೇಲೆ ಅಪ್ಪನನ್ನು ಒಳಗೆ ಕರೆಯಿರಿ, ಅಲ್ಲಿಯವರೆಗೂ ಅವರು ಮಗಳನ್ನು ನೋಡಿರಬಾರದು ಅಂತೇನಿಲ್ಲ, ನೋಡಿರುತ್ತಾರೆ, ಆದರೂ ಪೂರ್ತಿ ಸಿಂಗಾರದಲ್ಲಿ ಅದೇ ಮೊದಲು. ಬಾಗಿಲ ಕಡೆ ಕ್ಯಾಮೆರಾ ಇರಲಿ, ಹುಡುಗಿಯ ಕಡೆ ಅಲ್ಲ. ನಂತರ ಒಡಹುಟ್ಟಿದವರು, ಅಜ್ಜಿ ತಾತ, ಗೆಳತಿಯರು. ಎಲ್ಲ ನೆಂಟರನ್ನೂ ಇಲ್ಲೇ ಮುಗಿಸಲು ಹೋಗಬೇಡಿ, ಅವರಿಗೆ ವೇದಿಕೆ ಇದೆ.

## 12. ತಡವಾದರೆ ಏನು ಬಿಡಬೇಕು

ತಡ ಆಗಿಯೇ ಆಗುತ್ತದೆ. ಏನು ಬಿಡುವುದು ಅಂತ ಮೊದಲೇ ನಿರ್ಧರಿಸಿ.

ಹದಿನೈದು ನಿಮಿಷ ತಡ ಅಂದರೆ ಸೀರೆ, ಒಡವೆಯ ಬಿಡಿ ಫೋಟೋ ಇನ್ನೂ ಬಾಕಿ ಇರುವುದನ್ನು ಬಿಡಿ, ಸೀರೆಯನ್ನು ಮಾರನೆಯ ದಿನವೂ ತೆಗೆಯಬಹುದು. ಅರ್ಧ ಗಂಟೆ ಅಂದರೆ ಹುಡುಗಿಯ ಒಂಟಿ ಫೋಟೋಗಳನ್ನು ಧಾರೆಯ ನಂತರಕ್ಕೆ ಹಾಕಿ. ತಲೆಯಲ್ಲಿ ಅಕ್ಷತೆ, ಕಣ್ಣಲ್ಲಿ ಹೊಗೆಯ ಕೆಂಪು ಇರುತ್ತದೆ, ಇರಲಿ, ಅದೂ ಚೆನ್ನಾಗಿಯೇ ಇರುತ್ತದೆ. ಅಮ್ಮ ಒಡವೆ ತೊಡಿಸುವುದನ್ನೂ ಅಪ್ಪ ಬರುವುದನ್ನೂ ಮಾತ್ರ ಬಿಡಬೇಡಿ, ಅವು ಮತ್ತೆ ಆಗುವುದಿಲ್ಲ. ಮುಕ್ಕಾಲು ಗಂಟೆಗಿಂತ ಜಾಸ್ತಿ ತಡ, ಪುರೋಹಿತರ ಕಡೆಯವರು ಎರಡನೇ ಸಲ ಬಂದು "ರೆಡಿನಾ" ಅಂತ ಕೇಳಿದ್ದಾರೆ ಅಂದರೆ ಕ್ಯಾಮೆರಾ ಕೆಳಗಿಡಿ. ಕೋಣೆಯಿಂದ ಹೊರಟು ಹೋಗುವ ದಾರಿಯಲ್ಲಿ ಸಿಕ್ಕಷ್ಟು. ಮುಹೂರ್ತ ಮೀರಿಸಿ ತೆಗೆದ ಫೋಟೋ ಎಷ್ಟೇ ಚೆಂದ ಇದ್ದರೂ ಮನೆಯವರು ಅದನ್ನು ನೋಡಿದಾಗಲೆಲ್ಲ ಜಗಳವನ್ನೇ ನೆನೆಯುತ್ತಾರೆ.

## 13. ಧಾರೆ ಸೀರೆ, ಎರಡನೇ ಸಿಂಗಾರ

ಗೌರಿ ಪೂಜೆ ಮುಗಿದು ಸೀರೆ ಬದಲಾಯಿಸುವುದಿದ್ದರೆ ಕೈಗೆ ಸಿಗುವುದು ಹದಿನೈದು ಇಪ್ಪತ್ತು ನಿಮಿಷ. ಇಲ್ಲಿ ಫೋಟೋಗ್ರಾಫರ್ ಒಳಗೆ ಬೇಡ, ವೇದಿಕೆಯ ಹತ್ತಿರ ಜಾಗ ಹಿಡಿಯಲಿ. ಸೀರೆ ಉಡಿಸುವವರನ್ನು ಮೊದಲ ಸೀರೆ ಮುಗಿದ ಕೂಡಲೇ ಕಳಿಸಿಬಿಡಬೇಡಿ, ಇದನ್ನು ಮರೆತು ಆಮೇಲೆ ಪಾರ್ಕಿಂಗ್‌ನಲ್ಲಿ ಹುಡುಕುವವರನ್ನು ನೋಡಬಹುದು. ಗಂಡಿನ ಕಡೆಯವರು ಸೀರೆಗೆ ಫಾಲ್ಸ್ ಹಾಕಿಸಿದ್ದಾರಾ, ಬ್ಲೌಸ್ ಅದೇ ಇರುತ್ತದಾ ಬೇರೆಯಾ ಅಂತ ವಾರ ಮುಂಚೆ ಕೇಳಿ.

ಹೊಸ ಸೀರೆಯಲ್ಲಿ ಹುಡುಗಿ ಬಾಗಿಲಿಂದ ಹೊರಗೆ ಬರುವ ಒಂದು ಫೋಟೋ ಸಾಕು. ಸೋದರಮಾವ ಕೈ ಹಿಡಿದು ಕರೆದುಕೊಂಡು ಬರುವ ಮನೆಯಾದರೆ ಅವರಿಗೆ ನಿಧಾನ ನಡೆಯಲು ಹೇಳಿ.

## 14. ಮೆಮೊರಿ ಕಾರ್ಡ್ ಛತ್ರ ಬಿಡುವ ಮುಂಚೆ

ಬೆಳಗಿನ ಸಿಂಗಾರದ ಕಾರ್ಡನ್ನು ಬೇರೆ ಇಡಿ. ಎರಡು ಸ್ಲಾಟ್ ಇರುವ ಕ್ಯಾಮೆರಾ ಆದರೆ ಎರಡರಲ್ಲೂ ಒಟ್ಟಿಗೆ ಬರೆಯುವ ಹಾಗೆ ಸೆಟ್ ಮಾಡಿ. ಇಲ್ಲದಿದ್ದರೆ ಊಟದ ಹೊತ್ತಲ್ಲಿ ಲ್ಯಾಪ್‌ಟಾಪಿಗೆ ಒಂದು ಕಾಪಿ, ಹಾರ್ಡ್ ಡಿಸ್ಕಿಗೆ ಇನ್ನೊಂದು, ಆಮೇಲೆ ಮಾತ್ರ ಕಾರ್ಡ್ ಮತ್ತೆ ಕ್ಯಾಮೆರಾಗೆ.

ಈ ಭಾಗದ ಫೋಟೋಗಳನ್ನು ಮೊದಲು ಹುಡುಗಿಗೆ ಮಾತ್ರ ಕಳಿಸಬೇಕು, ಎಲ್ಲರ ಗ್ರೂಪಿಗಲ್ಲ. ಅವಳು ಬೇಡ ಅಂದವುಗಳನ್ನು ಅಳಿಸಬೇಕು. ಫೋಟೋಗ್ರಾಫರ್ ತಮ್ಮ ಇನ್‌ಸ್ಟಾಗ್ರಾಂನಲ್ಲಿ ಹಾಕುವುದಾದರೆ ಯಾವುದು ಅಂತ ಅವಳೇ ಹೇಳಬೇಕು, ಇದನ್ನು ಅಡ್ವಾನ್ಸ್ ಕೊಡುವ ದಿನ ವಾಟ್ಸಾಪಿನಲ್ಲಾದರೂ ಬರೆದು ಒಪ್ಪಿಸಿಕೊಳ್ಳಿ.